ಆರನೆಯ ಮಹಡಿಗೆ ನಿಂತ ಏಣಿ

ಏಣಿಗೆ ನಮ್ಮ ಕಡೆಯ ಹೆಸರು ನಿಚ್ಚಣಿಕೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ನಿಚ್ಚಣಿಕೆಯಿಲ್ಲದ ಮನೆಯೇ ಇರಲಿಲ್ಲ. ಸಂಡಿಗೆ ಹಾಕುವುದಕ್ಕೆ, ಮೆಣಸಿನಕಾಯಿ ಒಣಗಿಸುವುದಕ್ಕೆ, ಬೇಸಿಗೆಯ ರಾತ್ರಿ ಮಲಗುವುದಕ್ಕೆ, ಮಳೆಗಾಲಕ್ಕೆ ಮುಂಚೆ ಮೇಲುಮಣ್ಣು ಹಾಕುವುದಕ್ಕೆ ಮಾಳಿಗೆ ಏರಲೇಬೇಕಾಗಿತ್ತು. ಊರಿನಲ್ಲಿ ಕಣಿಕೆಯ ಬಣಿವೆಗೆ ಬೆಂಕಿ ಬಿದ್ದಾಗ ಜನ ಮೊದಲು ಕೂಗುತ್ತಿದ್ದುದು ಎರಡೇ ಮಾತು: ‘ಕೊಡ ತರ್ರಿ, ನಿಚ್ಚಣಿಕಿ ತರ್ರಿ!’ ಶಹರದಿಂದ ಕೆಂಪು ವಾಹನ ಬರುವುದಿದ್ದರೆ ಅದಕ್ಕೆ ಮರಾಠಿಯಿಂದ ಬಂದ ‘ಬಂಬ’ ಎಂಬ ಹೆಸರು. ಹಳ್ಳಿಯ ಬೆಂಕಿಗೆ ಬಂಬ ಬಂದು ಮುಟ್ಟುವಷ್ಟರಲ್ಲಿ ಬಣಿವೆ ಬೂದಿಯಾಗಿರುತ್ತಿತ್ತು. ಮಕ್ಕಳಾದ ನಮಗೆ ಅದನ್ನು ನೋಡಿದ ಸಂತೋಷವಷ್ಟೇ ಉಳಿಯುತ್ತಿತ್ತು.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಬಂಬದ ಮೇಲಿನ ಏಣಿಯ ಚರಿತ್ರೆಯೇ ಎಂದು ಬಂಧುಗಳು ಕೇಳಬಹುದು. ನಮ್ಮ ಸಂಘದ ಸಂಚಿಕೆಗಳಲ್ಲಿ ಶಾಸನ, ವಚನ, ಗಡಿ, ಶಾಲೆ ಇವುಗಳ ಕುರಿತು ಬಲ್ಲವರು ಬರೆದಿದ್ದಾರೆ, ಬರೆಯುತ್ತಲೂ ಇದ್ದಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳನ್ನು ಬೆಳಗ್ಗೆ ಒಳಗೆ ಕರೆದುಕೊಂಡು ಸಂಜೆ ಹೊರಗೆ ಕಳುಹಿಸುವ ಕೆಲಸ ಮಾಡಿದವರಿಗೆ, ಒಳಗೆ ಬಂದವರೆಲ್ಲ ಕ್ಷೇಮವಾಗಿ ಹೊರಗೆ ಹೋದರೇ ಎಂಬ ಪ್ರಶ್ನೆ ನಿವೃತ್ತಿಯ ನಂತರವೂ ಬಿಡುವುದಿಲ್ಲ. ಏಣಿಬಂಡಿಯ ಚರಿತ್ರೆ ಮೂಲತಃ ಆ ಪ್ರಶ್ನೆಯ ಚರಿತ್ರೆಯೇ. ಆದುದರಿಂದ ಈ ಬರಹ.

ಕೆಲವು ವರ್ಷಗಳ ಹಿಂದೆ ಮಗಳು ಅಳಿಯಂದಿರ ಒತ್ತಾಯಕ್ಕೆ ನಾವು ದಂಪತಿಗಳು ಅಮೆರಿಕಕ್ಕೆ ಹೋಗಿದ್ದೆವು. ಅವರಿದ್ದುದು ಒಂದು ಚಿಕ್ಕ ಪಟ್ಟಣದಲ್ಲಿ. ಜುಲೈ 4ರ ಅವರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಆ ಊರಿನ ಅಗ್ನಿಶಾಮಕ ದಳದ ಹಳೆಯ ಏಣಿಬಂಡಿಯೊಂದು ಹೊರಟಿತ್ತು. ಹೊಳೆಯುವ ಕೆಂಪು ಬಣ್ಣ, ಚಿನ್ನದ ಗೆರೆಗಳು, ಹಿತ್ತಾಳೆಯ ಗಂಟೆ, ಬೆನ್ನ ಮೇಲೆ ಒಂದರೊಳಗೊಂದು ಮಡಿಸಿಟ್ಟ ಕಟ್ಟಿಗೆಯ ಏಣಿಗಳು. ಬಂಡಿಯ ಉದ್ದ ನಮ್ಮ ಎರಡು ಎಸ್.ಟಿ. ಬಸ್ಸುಗಳಿಗೆ ಸ್ವಲ್ಪ ಕಡಿಮೆ ಇದ್ದಿರಬೇಕು. ಮುಂದೆ ಒಬ್ಬ ಚಾಲಕ. ಬಂಡಿಯ ಹಿಂತುದಿಯಲ್ಲಿ, ಎತ್ತರದ ಆಸನದ ಮೇಲೆ, ಇನ್ನೊಬ್ಬ ಚಾಲಕ ತನ್ನದೇ ಚಕ್ರ ಹಿಡಿದು ತಿರುಗಿಸುತ್ತಿದ್ದ. ನಮ್ಮ ಮನೆಯವರು ಕೇಳಿದರು: ‘ಅಲ್ರೀ, ಒಂದ ಗಾಡಿಗೆ ಇಬ್ಬರು ಡ್ರೈವರ ಯಾಕ್ರಿ? ಒಬ್ಬಾಂವ ಆ ಕಡೆ ತಿರುವಿದ್ರ, ಇನ್ನೊಬ್ಬಾಂವ ಈ ಕಡೆ ತಿರುವಿದ್ರ ಏನ ಗತಿ?’

ಪ್ರಶ್ನೆ ಸರಿಯಾಗಿಯೇ ಇತ್ತು. ಬಂಡಿಯ ಪಕ್ಕದಲ್ಲಿ ನಡೆಯುತ್ತಿದ್ದ, ನಮ್ಮದೇ ವಯಸ್ಸಿನ ನಿವೃತ್ತ ಸ್ವಯಂಸೇವಕರೊಬ್ಬರು ಅದಕ್ಕೆ ಉತ್ತರ ಹೇಳಿದರು. ಉದ್ದದ ಏಣಿ ಹೊತ್ತ ಬಂಡಿ ಹಳೆಯ ಊರಿನ ಇಕ್ಕಟ್ಟಾದ ಮೂಲೆಗಳಲ್ಲಿ ತಿರುಗಲಾರದು. ಹಿಂದಿನ ಗಾಲಿಗಳನ್ನು ಬೇರೆಯಾಗಿ ತಿರುಗಿಸಿದರೆ ಮಾತ್ರ ಬಾಲ ಮೂಲೆ ದಾಟುತ್ತದೆ. ಇಬ್ಬರೂ ಒಂದೇ ಮನಸ್ಸಿನಿಂದ ನಡೆಸಬೇಕು. ಮಾತಾಡಿಕೊಳ್ಳಲು ಸಮಯವಿರುವುದಿಲ್ಲ. ಸಿದ್ಧರಾಮೇಶ್ವರರ ಗಡ್ಡೆಯ ಜಾತ್ರೆಯಲ್ಲಿ ನಂದೀಧ್ವಜಗಳ ಮೆರವಣಿಗೆ ಕಂಡ ನಮಗೆ ಅದು ಸುಲಭವಾಗಿ ತಿಳಿಯಿತು. ಎತ್ತರದ ಕಂಬದ ಬುಡ ಒಂದು ಗೇಣು ಸರಿದರೆ ತುದಿ ಒಂದು ಮಾರು ಸರಿಯುತ್ತದೆ. ಅದನ್ನು ಹೊರುವವರು ಸಂಕ್ರಾಂತಿಗೆ ಮುಂಚೆಯೇ ಅಭ್ಯಾಸ ಶುರುಮಾಡುವುದು ಅದಕ್ಕಾಗಿಯೇ. ಆ ವೃದ್ಧರು ಹೇಳಿದ್ದರಲ್ಲಿ ಕೆಲವನ್ನು ಅಲ್ಲಿಯೇ ಗ್ರಂಥಾಲಯದಲ್ಲಿ ಓದಿ ನೋಡಿದೆವು. ಊರಿಗೆ ಮರಳಿದ ಮೇಲೂ ಓದು ಮುಂದುವರಿಯಿತು.

ಅಮೆರಿಕದಲ್ಲಿ ನೀರು ಮತ್ತು ಪಂಪು ಹೊತ್ತ ವಾಹನಕ್ಕೆ ‘ಎಂಜಿನ್’ ಎಂದೂ ಏಣಿ ಹೊತ್ತ ವಾಹನಕ್ಕೆ ‘ಟ್ರಕ್’ ಎಂದೂ ಕರೆಯುತ್ತಾರೆ. ಎರಡಕ್ಕೂ ಬೇರೆ ಬೇರೆ ಪಡೆ. ಏಣಿಯ ಪಡೆಗೆ ಹಳೆಯ ಹೆಸರು ‘ಕೊಕ್ಕೆ ಮತ್ತು ಏಣಿ’ಯ ಪಡೆ ಎಂದು. ಕೊಕ್ಕೆ ಏಕೆಂದರೆ, ಮೊದಮೊದಲು ಬೆಂಕಿ ಆರಿಸುವುದೆಂದರೆ ಉರಿಯುತ್ತಿರುವ ಹುಲ್ಲು ಛಾವಣಿಯನ್ನು ಉದ್ದನೆಯ ಕೊಕ್ಕೆಯಿಂದ ಎಳೆದು ಕೆಡವುವುದು, ಪಕ್ಕದ ಮನೆಗೆ ಹಬ್ಬದಂತೆ ನಡುವೆ ಬಯಲು ಮಾಡುವುದು. ನ್ಯೂಯಾರ್ಕ್ ಇನ್ನೂ ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಡಚ್ಚರ ಊರಾಗಿದ್ದ 1648ರಲ್ಲಿ ಅಲ್ಲಿಯ ಅಧಿಕಾರಿಗಳು ಮನೆಮನೆಯ ಹೊಗೆಗೂಡು ಪರೀಕ್ಷಿಸಲು ಮೇಲ್ವಿಚಾರಕರನ್ನು ನೇಮಿಸಿದರು. ಹೊಗೆಗೂಡನ್ನು ಶುಚಿಯಾಗಿಡದವರಿಗೆ ದಂಡ. ಆ ದಂಡದ ಹಣದಿಂದ ಊರಿಗೆ ಕೊಕ್ಕೆ, ಏಣಿ, ಚರ್ಮದ ಬಕೀಟು. ತಪ್ಪಿನ ದಂಡವೇ ರಕ್ಷಣೆಯ ಮೂಲಧನವಾಗುವ ಈ ವ್ಯವಸ್ಥೆ ನಮ್ಮ ಗ್ರಾಮಪಂಚಾಯತಿಗಳಿಗೂ ಒಪ್ಪುವಂಥದು. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಗೆಳೆಯರೊಡನೆ ಸ್ವಯಂಸೇವಕರ ಅಗ್ನಿಶಾಮಕ ಸಂಘ ಕಟ್ಟಿದರು. ಅಮೆರಿಕದ ಚಿಕ್ಕ ಊರುಗಳಲ್ಲಿ ಇಂದಿಗೂ ಬಹುಪಾಲು ದಳಗಳು ಇಂಥ ಸ್ವಯಂಸೇವಕರವೇ. ಅಂಗಡಿಕಾರ, ಶಿಕ್ಷಕ, ರೈತ ಎಲ್ಲರೂ ಗಂಟೆ ಕೇಳಿದೊಡನೆ ಕೈಕೆಲಸ ಬಿಟ್ಟು ಓಡುತ್ತಾರೆ.

ಲಂಡನ್ನಿನ ಕಥೆಯಲ್ಲಿ ಒಂದು ವಿಚಿತ್ರವಿದೆ. 1833ರಲ್ಲಿ ಅಲ್ಲಿಯ ವಿಮಾ ಕಂಪನಿಗಳು ಕೂಡಿ ಜೇಮ್ಸ್ ಬ್ರೈಡ್‌ವುಡ್ ಎಂಬ ದಕ್ಷ ಅಧಿಕಾರಿಯ ನೇತೃತ್ವದಲ್ಲಿ ಒಂದು ದಳ ಕಟ್ಟಿದವು. ಹಣ ಕೊಡುವವರು ವಿಮಾ ಕಂಪನಿಗಳು, ಆದುದರಿಂದ ದಳದ ಮುಖ್ಯ ಕೆಲಸ ಆಸ್ತಿಯ ರಕ್ಷಣೆ. ಮೇಲ್ಮಹಡಿಯಲ್ಲಿ ಸಿಕ್ಕಿಕೊಂಡ ಮನುಷ್ಯರನ್ನು ಇಳಿಸುವ ಏಣಿಗಳ ಹೊಣೆ ಹೊತ್ತದ್ದು ಧರ್ಮಾರ್ಥ ಸಂಘವೊಂದು. ಬೆಂಕಿಯಿಂದ ಜೀವರಕ್ಷಣೆ ಮಾಡುವ ಆ ಸಂಘ 1836ರಲ್ಲಿ ಹುಟ್ಟಿ, ಎತ್ತರದ ಗಾಲಿಗಳ ಮೇಲೆ ನಿಲ್ಲಿಸಿದ ಏಣಿಗಳನ್ನು ನಗರದ ಬೀದಿಗಳಲ್ಲಿ ರಾತ್ರಿಯಿಡೀ ಕಾವಲಿನೊಡನೆ ಇಡತೊಡಗಿತು. ಏಬ್ರಹಾಂ ವೈವೆಲ್ ಎಂಬವರು ರೂಪಿಸಿದ ಆ ಏಣಿಯ ಕೆಳಗೆ ಕ್ಯಾನ್ವಾಸ್ ಬಟ್ಟೆಯ ಉದ್ದ ಚೀಲವಿರುತ್ತಿತ್ತು. ಇಳಿಯಲಾರದ ಮಕ್ಕಳು, ಮುದುಕರು ಅದರೊಳಗೆ ಜಾರಿ ಬರಬಹುದಾಗಿತ್ತು. 1861ರಲ್ಲಿ ಟೂಲಿ ಸ್ಟ್ರೀಟಿನ ಉಗ್ರಾಣಗಳ ಮಹಾಬೆಂಕಿಯಲ್ಲಿ ಗೋಡೆ ಕುಸಿದು ಬ್ರೈಡ್‌ವುಡ್ ತೀರಿಕೊಂಡರು. 1866ರಲ್ಲಿ ನಗರಕ್ಕೆ ಸಾರ್ವಜನಿಕ ದಳ ಬಂತು, ಮರುವರ್ಷ ಆ ಧರ್ಮಾರ್ಥ ಏಣಿಗಳು ಅದರ ಪಾಲಿಗೆ ಬಂದವು. ಆಸ್ತಿ ಮತ್ತು ಪ್ರಾಣ ಎರಡೂ ಒಂದೇ ದಳದ ಹೊಣೆಯಾಗುವುದಕ್ಕೆ ಅಷ್ಟು ಕಾಲ ಹಿಡಿಯಿತು.

ಗೋಡೆಗೆ ಒರಗಿಸಿದ ಏಣಿಗೆ ಒಂದು ದೊಡ್ಡ ತೊಡಕು ಉಂಟು. ಆ ಗೋಡೆಯೇ ಉರಿಯುತ್ತಿದ್ದರೆ ಒರಗಿಸುವುದು ಎಲ್ಲಿ? ಇದಕ್ಕೆ ಉತ್ತರ ಕಂಡವರು ಜರ್ಮನಿಯ ಉಲ್ಮ್ ನಗರದ ಕೊನ್ರಾಡ್ ಡೀಟ್ರಿಕ್ ಮಾಗಿರುಸ್. ವ್ಯಾಪಾರಿಯಾಗಿದ್ದ ಅವರು ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥರೂ ಆಗಿದ್ದರು. 1872ರಲ್ಲಿ ಅವರು ಎರಡು ಗಾಲಿಗಳ ಮೇಲೆ ಯಾವ ಆಸರೆಯೂ ಇಲ್ಲದೆ ತಾನೇ ನಿಲ್ಲುವ, ಎಳೆದಷ್ಟು ಉದ್ದವಾಗುವ ಏಣಿಯನ್ನು ಮಾಡಿದರು. ಅವರ ಕಾರಖಾನೆಯಿಂದಲೇ 1892ರಲ್ಲಿ ಕುದುರೆ ಎಳೆಯುವ, ತಿರುಗಣೆಯ ಮೇಲೆ ನಿಂತು ಎತ್ತ ಬೇಕಾದರೂ ತಿರುಗುವ ಏಣಿಬಂಡಿ ಬಂತು. ಮಾಗಿರುಸ್ ಎಂಬ ಹೆಸರು ಇಂದಿಗೂ ಅನೇಕ ದೇಶಗಳ ಏಣಿಬಂಡಿಗಳ ಮೇಲೆ ಇದೆ.

ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೇನಿಯಲ್ ಹೇಯ್ಸ್ 1868ರಲ್ಲಿ ಬಂಡಿಗೇ ಜೋಡಿಸಿ ಹಿಡಿಕೆ ತಿರುಗಿಸಿ ಎಬ್ಬಿಸುವ ಏಣಿಗೆ ಹಕ್ಕುಪತ್ರ ಪಡೆದರು. ಆದರೆ ಎತ್ತರದ ಆಸೆಗೆ ಬೆಲೆ ತೆರಬೇಕಾಯಿತು. 1875ರಲ್ಲಿ ನ್ಯೂಯಾರ್ಕಿನಲ್ಲಿ ಬೇರೊಂದು ವಿನ್ಯಾಸದ ಎತ್ತರದ ಏಣಿಯನ್ನು ಸಾರ್ವಜನಿಕರ ಮುಂದೆ ಪರೀಕ್ಷಿಸುವಾಗ ಅದು ಮುರಿದು ಮೂವರು ಅಗ್ನಿಶಾಮಕರು ಸತ್ತರು. ಇನ್ನೊಂದು ಹೆಸರು ಫ್ರೆಡರಿಕ್ ಸೀಗ್ರೇವ್. ಅವರು ಮಿಷಿಗನ್ನಿನ ತೋಟಗಳಲ್ಲಿ ಸೇಬು ಕೀಳುವವರಿಗೆ ಏಣಿ ಮಾಡಿಕೊಡುತ್ತಿದ್ದ ಬಡಗಿ. ಏಣಿ ಹಗುರವಾಗಿಯೂ ಗಟ್ಟಿಯಾಗಿಯೂ ಇದ್ದುದನ್ನು ಕಂಡು ಅಗ್ನಿಶಾಮಕರು ತಮಗೂ ಬೇಕೆಂದರು. 1881ರಲ್ಲಿ ಡೆಟ್ರಾಯಿಟಿನಲ್ಲಿ ತೊಡಗಿದ ಆ ಕೆಲಸ ಮುಂದೆ ಏಣಿಬಂಡಿಗಳ ದೊಡ್ಡ ಕಂಪನಿಯಾಯಿತು. ಹಣ್ಣು ಇಳಿಸುವ ಏಣಿ ಮನುಷ್ಯರನ್ನು ಇಳಿಸುವ ಏಣಿಯಾದದ್ದು ಹೀಗೆ.

ಮೋಟಾರು ಬಂದಾಗಲೂ ಹಳೆಯ ಬಂಡಿಗಳನ್ನು ಅವರು ಬಿಸಾಡಲಿಲ್ಲ. ಕುದುರೆ ಕಟ್ಟುವ ಜಾಗದಲ್ಲಿ ಎರಡು ಗಾಲಿಯ ಮೋಟಾರು ಎಂಜಿನ್ನು ಜೋಡಿಸಿ ಅದೇ ಏಣಿಬಂಡಿಯನ್ನು ಎಳೆಸಿದರು. ನ್ಯೂಯಾರ್ಕ್ ದಳದ ಕೊನೆಯ ಕುದುರೆಗಳು ಕೆಲಸದಿಂದ ನಿವೃತ್ತವಾದದ್ದು 1922ರ ಡಿಸೆಂಬರಿನಲ್ಲಿ. 1930ರ ದಶಕದಲ್ಲಿ ಕಟ್ಟಿಗೆಯ ಜಾಗಕ್ಕೆ ಉಕ್ಕು ಬಂತು, ಹಿಡಿಕೆ ತಿರುಗಿಸುವ ತೋಳಿನ ಜಾಗಕ್ಕೆ ಹೈಡ್ರಾಲಿಕ್ ಬಲ ಬಂತು, ಏಣಿ 100 ಅಡಿ ಮುಟ್ಟಿತು. ಆದರೂ ಸ್ಯಾನ್ ಫ್ರಾನ್ಸಿಸ್ಕೋದ ದಳ ಮಾತ್ರ ಕೈಯಿಂದ ಎತ್ತಿ ನಿಲ್ಲಿಸುವ ಏಣಿಗಳನ್ನು ಇಂದಿಗೂ ಕಟ್ಟಿಗೆಯಿಂದಲೇ, ತನ್ನದೇ ಬಡಗಿಶಾಲೆಯಲ್ಲಿ ಮಾಡಿಕೊಳ್ಳುತ್ತದೆ. ಆ ಊರಿನ ಬೀದಿಗಳ ಮೇಲೆ ಟ್ರಾಮು, ಬಸ್ಸುಗಳ ವಿದ್ಯುತ್ ತಂತಿಗಳು ಬಲೆಯಂತೆ ಹಬ್ಬಿವೆ, ಲೋಹದ ಏಣಿ ತಗುಲಿದರೆ ಪ್ರಾಣಕ್ಕೆ ಅಪಾಯ. ಹಳೆಯದೆಲ್ಲ ಹಿಂದುಳಿದದ್ದಲ್ಲ ಎಂಬುದಕ್ಕೆ ಈ ಕಟ್ಟಿಗೆಯ ಏಣಿಗಳೇ ಸಾಕ್ಷಿ.

ಇಷ್ಟನ್ನು ಓದಿದಾಗ ಏಣಿ ಬೆಳೆದ ಬಗೆಗೆ ಮೆಚ್ಚುಗೆಯೇ ಉಂಟಾಗುತ್ತದೆ. ಆದರೆ ಈ ಚರಿತ್ರೆಯಲ್ಲಿ ಒಂದು ಸಂಜೆ ಇದೆ. ಅಲ್ಲಿಗೆ ಬಂದವರು ಮುಂದಿನ ಪುಟಕ್ಕೆ ಬೇಗ ಹೋಗಲಾರರು.

1911ರ ಮಾರ್ಚ್ 25, ಶನಿವಾರ. ನ್ಯೂಯಾರ್ಕಿನಲ್ಲಿ ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ ಹೆಣ್ಣುಮಕ್ಕಳ ಮೇಲಂಗಿ ಹೊಲಿಯುವ ಟ್ರಯಾಂಗಲ್ ಎಂಬ ಕಾರಖಾನೆ. ಕೆಲಸಗಾರರಲ್ಲಿ ಹೆಚ್ಚಿನವರು ಹೊರದೇಶಗಳಿಂದ ಹೊಟ್ಟೆಪಾಡಿಗೆ ಬಂದ ಇಟಾಲಿಯನ್ ಮತ್ತು ಯಹೂದಿ ಹುಡುಗಿಯರು. ಕೆಲಸ ಮುಗಿಯುವ ಹೊತ್ತಿಗೆ ಎಂಟನೆಯ ಮಹಡಿಯಲ್ಲಿ ಬಟ್ಟೆಯ ಚೂರುಗಳಿಗೆ ಬೆಂಕಿ ತಗುಲಿತು. ಒಂಬತ್ತನೆಯ ಮಹಡಿಯಲ್ಲಿ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ. ಹುಡುಗಿಯರು ಬಟ್ಟೆ ಕದ್ದೊಯ್ಯದಂತೆ ಅವರನ್ನು ಒಂದೇ ಬಾಗಿಲಿನಿಂದ, ಚೀಲ ತಪಾಸಣೆ ಮಾಡಿ ಹೊರಗೆ ಬಿಡುವ ಪದ್ಧತಿ. ಹಿಂದಿನ ಕಬ್ಬಿಣದ ತುರ್ತುಮೆಟ್ಟಿಲು ಜನರ ಭಾರಕ್ಕೆ ಕಳಚಿ ಬಿತ್ತು. ಅಗ್ನಿಶಾಮಕ ದಳ ತಡಮಾಡದೆ ಬಂತು. 20ನೆಯ ಸಂಖ್ಯೆಯ ಕೊಕ್ಕೆ-ಏಣಿ ಪಡೆ ತನ್ನ ಏಣಿಯನ್ನು ಎತ್ತಿತು. ಕೆಳಗೆ ನೆರೆದವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಏಣಿ ಆರನೆಯ ಮಹಡಿಯ ಹತ್ತಿರಕ್ಕೆ ಬಂದು ನಿಂತಿತು. ಅದರ ಉದ್ದವೇ ಅಷ್ಟು. ಮೇಲಿನ ಕಿಟಕಿಗಳಿಂದ ಐವತ್ತಕ್ಕೂ ಹೆಚ್ಚು ಮಂದಿ ಹಾರಿದರು. ಹಿಡಿದ ಬಲೆಗಳು ಹರಿದುಹೋದವು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಸತ್ತವರು 146, ಅವರಲ್ಲಿ 123 ಹೆಂಗಸರು ಮತ್ತು ಹುಡುಗಿಯರು.

ಮಾಲೀಕರ ಮೇಲೆ ಮೊಕದ್ದಮೆ ನಡೆದು ಅವರು ಬಿಡುಗಡೆಯಾದರು. ಆದರೆ ನ್ಯೂಯಾರ್ಕ್ ರಾಜ್ಯ ಕಾರಖಾನೆಗಳ ತನಿಖೆಗೆ ಆಯೋಗ ನೇಮಿಸಿತು. ಬಾಗಿಲುಗಳು ಬೀಗವಿಲ್ಲದಿರಬೇಕು, ತುರ್ತುದಾರಿಗಳು ಇರಬೇಕು, ಬೆಂಕಿಯ ಕವಾಯತು ನಡೆಯಬೇಕು ಎಂಬ ಕಾನೂನುಗಳು ಒಂದಾದ ಮೇಲೊಂದು ಬಂದವು. ಆ ಸಂಜೆ ಬೀದಿಯಲ್ಲಿ ನಿಂತು ಆ ದೃಶ್ಯ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮಹಿಳೆ ಆ ತನಿಖೆಯ ಕೆಲಸದಲ್ಲಿ ದುಡಿದು, 1933ರಲ್ಲಿ ಅಮೆರಿಕದ ಕಾರ್ಮಿಕ ಖಾತೆಯ ಮುಖ್ಯಸ್ಥೆಯಾದರು. ಏಣಿ ಮುಟ್ಟದ ಎತ್ತರವನ್ನು ಅವರು ಕಾನೂನಿನಿಂದ ಮುಟ್ಟಲು ಯತ್ನಿಸಿದರು ಎನ್ನಬಹುದು.

ಈ ಕಥೆ ಓದುವಾಗ ನಮ್ಮ ಮನಸ್ಸು ನ್ಯೂಯಾರ್ಕಿನಲ್ಲಿ ಉಳಿಯಲಿಲ್ಲ. ನಮ್ಮದು ಚಾದರ, ಟಾವೆಲ್ಲುಗಳ ಊರು. ಒಂದು ಕಾಲಕ್ಕೆ ಗಿರಣಿಯ ಭೋಂಗಾ ಊರಿಗೆ ಗಡಿಯಾರವಾಗಿತ್ತು. ಗಿರಣಿಗಳು ಮುಚ್ಚಿದ ಮೇಲೆ ಓಣಿಓಣಿಯ ಚಿಕ್ಕ ಕಾರಖಾನೆಗಳ ಮಗ್ಗದ ಸದ್ದು ಉಳಿಯಿತು. ಮಗ್ಗವಿರುವಲ್ಲಿ ಹತ್ತಿಯ ನಾರು ಹಾರುತ್ತದೆ, ತೊಲೆಯ ಮೇಲೆ, ತಂತಿಯ ಮೇಲೆ, ದೀಪದ ಮೇಲೆ ಕೂರುತ್ತದೆ. ಒಂದು ಕಿಡಿ ಸಾಕು. 1990ರ ದಶಕದ ಒಂದು ಬೇಸಿಗೆಯ ರಾತ್ರಿ ಅಂಥದೊಂದು ಕಾರಖಾನೆಗೆ ಬೆಂಕಿ ಬಿತ್ತು. ನಮ್ಮಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಮನೆಯ ಕಷ್ಟಕ್ಕೆ ಶಾಲೆ ಬಿಟ್ಟ ಹುಡುಗನೊಬ್ಬ ಅಲ್ಲಿ ದುಡಿಯುತ್ತ ಅಲ್ಲಿಯೇ ಮಲಗುತ್ತಿದ್ದ. ಕನ್ನಡ ಪದ್ಯಗಳನ್ನು ಬಾಯಿಪಾಠ ಒಪ್ಪಿಸುವುದರಲ್ಲಿ ಅವನಿಗೆ ಸರಿಸಾಟಿ ಆ ವರ್ಗದಲ್ಲಿರಲಿಲ್ಲ. ರಾತ್ರಿ ಪಾಳಿಯವರು ನೂಲು ಕದಿಯಬಾರದೆಂದು ಹೊರಗಿನಿಂದ ಶಟರಿಗೆ ಬೀಗ ಹಾಕಿದ್ದರು. ಬೀಗದ ಕೈ ಇದ್ದವರು ಬೇರೆ ಪೇಟೆಯಲ್ಲಿದ್ದರು.

ಬಂಬ ಬಂದಿತ್ತು. ನೀರೂ ಇತ್ತು, ನಿಚ್ಚಣಿಕೆಯೂ ಇತ್ತು. ಕಟ್ಟಡಕ್ಕೆ ಇದ್ದುದೇ ಒಂದು ಮಹಡಿ, ಏಣಿ ಮುಟ್ಟದ ಎತ್ತರವೇನೂ ಅಲ್ಲ. ದಳದವರು ಶಟರು ಕತ್ತರಿಸುವಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿತ್ತು. ಮರುದಿನ ನಾವು ಶಿಕ್ಷಕರು ಅವನ ಮನೆಗೆ ಹೋದಾಗ ಅವನ ತಾಯಿ ಒಂದೇ ಮಾತು ಕೇಳಿದರು: ‘ಗುರುಗಳೆ, ಬಾಗಲಾ ತೆರದಿದ್ರ ಬರತಿದ್ದಿಲ್ಲೇನ್ರಿ ಅಂವ?’ ಆ ಮಾತಿಗೆ ಉತ್ತರ ಹೇಳುವ ಶಕ್ತಿ ಅಲ್ಲಿದ್ದ ಯಾರಿಗೂ ಇರಲಿಲ್ಲ.

2004ರ ಜೂನ್ ತಿಂಗಳಲ್ಲಿ ನಾವು ಒಂದು ಶಾಲೆಗೆ ಮುಖ್ಯಾಧ್ಯಾಪಕರಾಗಿ ವರ್ಗವಾಗಿ ಹೋದೆವು. ಮೇಲಿನ ಮಹಡಿಯಲ್ಲಿ ನಾಲ್ಕು ವರ್ಗಗಳು, ಮೆಟ್ಟಿಲು ಒಂದೇ, ಅದರ ಕೆಳಗೆ ಜಾಳಿಗೆಯ ಬಾಗಿಲು. ಮಕ್ಕಳು ನಡುವೆ ಓಡಿಹೋಗಬಾರದೆಂದು ಪ್ರಾರ್ಥನೆಯಾದೊಡನೆ ಸಿಪಾಯಿ ಅದಕ್ಕೆ ಬೀಗ ಹಾಕುವ ರೂಢಿ. ಬೀಗ ತೆಗೆಸಬೇಕೆಂದು ಹೇಳಿದಾಗ ಆಡಳಿತ ಮಂಡಳಿಯ ಹಿರಿಯರೊಬ್ಬರು ನಕ್ಕು, ‘ಹುಡುಗ್ರು ಓಡಿ ಹೋದ್ರ ಪಾಲಕರಿಗೆ ಉತ್ತರ ಯಾರು ಹೇಳೋರ್ರಿ ಸರ?’ ಎಂದರು. ಮುಂದಿನ ತಿಂಗಳು, ಜುಲೈ 16ರಂದು, ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಹುಲ್ಲು ಛಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ಸತ್ತರು. ಅಲ್ಲಿಯೂ ಇಕ್ಕಟ್ಟಾದ ಮೆಟ್ಟಿಲು. ಮರುದಿನದ ಪತ್ರಿಕೆಯನ್ನು ಸಭೆಯ ಮೇಜಿನ ಮೇಲಿಟ್ಟು ನಾವು ಏನನ್ನೂ ಹೇಳಲಿಲ್ಲ. ಆ ಹಿರಿಯರೇ ಎದ್ದು ಹೋಗಿ ಸಿಪಾಯಿಯ ಕೈಯಿಂದ ಬೀಗ ಇಸಿದುಕೊಂಡು ಬಂದರು. ಓಡಿಹೋಗುವ ಮಕ್ಕಳ ಮೇಲೆ ಕಣ್ಣಿಡಲು ಬೀಗದ ಬದಲು ಒಬ್ಬ ಶಿಕ್ಷಕರನ್ನು ಸರದಿಯ ಮೇಲೆ ನಿಲ್ಲಿಸಿದೆವು.

ಆ ಮೇಲೆ ತಿಂಗಳಿಗೊಮ್ಮೆ ಕವಾಯತು. ಉದ್ದನೆಯ ಗಂಟೆ ಹೊಡೆದರೆ ಪಾಟೀಚೀಲ ಬಿಟ್ಟು, ಸಾಲಾಗಿ, ಓಡದೆ, ಮೈದಾನಕ್ಕೆ. ಮೊದಲ ಸಲ ಮೆಟ್ಟಿಲ ತಿರುವಿನಲ್ಲಿ ನೂಕುನುಗ್ಗಲಾಗಿ ಒಂದು ತಾಸಿನ ಕಾಲು ಭಾಗವೇ ಹೋಯಿತು. ನಾಲ್ಕನೆಯ ಸಲಕ್ಕೆ ನಾಡಗೀತೆ ಹಾಡಿ ಮುಗಿಸುವಷ್ಟರಲ್ಲಿ ಇಡೀ ಶಾಲೆ ಹೊರಗಿತ್ತು. ಮೈದಾನದಲ್ಲಿ ಹಾಜರಿ ಕರೆಯುವಾಗ ಮಕ್ಕಳು ‘ಹಾಜರ್’ ಎನ್ನುವ ದನಿಗೆ ಬೇರೆಯೇ ಒಂದು ತೂಕವಿರುತ್ತಿತ್ತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದ ಎಲ್ಲ ಶಾಲೆಗಳಲ್ಲಿ ಅಗ್ನಿ ಸುರಕ್ಷತೆಯ ವ್ಯವಸ್ಥೆ ಇರಲೇಬೇಕೆಂದು ಆದೇಶಿಸಿತು. ಗೋಡೆಗೆ ಕೆಂಪು ಸಿಲಿಂಡರುಗಳು ಬಂದವು. ಅವು ಬೇಕಾದವೇ, ಸಂದೇಹವಿಲ್ಲ. ಆದರೆ ಸಿಲಿಂಡರಿಗೆ ಹಣ ಬೇಕು, ಬೀಗ ತೆಗೆಯುವುದಕ್ಕೆ ಮನಸ್ಸು ಬೇಕು. ಮೊದಲಿನದು ಹೇಗೋ ಸಿಗುತ್ತದೆ.

ಮುಂದುವರಿದ ದೇಶಗಳೂ ಈ ಪಾಠವನ್ನು ಒಂದೇ ಸಲಕ್ಕೆ ಕಲಿಯಲಿಲ್ಲ. 1958ರ ಡಿಸೆಂಬರ್ 1ರಂದು ಶಿಕಾಗೋದ ಒಂದು ಶಾಲೆಯಲ್ಲಿ 92 ಮಕ್ಕಳು ಮತ್ತು 3 ಶಿಕ್ಷಕಿಯರು ಬೆಂಕಿಗೆ ಬಲಿಯಾದರು. ಅಗ್ನಿಶಾಮಕರು ಏಣಿ ಹೊತ್ತು ಬಂದಾಗ ಅಂಗಳಕ್ಕೆ ಹೋಗುವ ಕಬ್ಬಿಣದ ಗೇಟಿಗೆ ಬೀಗವಿತ್ತು. ಅದನ್ನು ಒಡೆಯುವುದರಲ್ಲಿ ಬೆಲೆಯುಳ್ಳ ನಿಮಿಷಗಳು ಹೋದವು. ನಮ್ಮ ಬೆಂಗಳೂರಿನಲ್ಲಿ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಹೊಗೆ ತುಂಬಿ 9 ಮಂದಿ ಸತ್ತರು, ಅವರಲ್ಲಿ ಕೆಲವರು ಕಿಟಕಿಯಿಂದ ಹಾರಿದವರು. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಯ ಅರಿವು ಮೂಡಿಸುತ್ತಿದ್ದಾರೆ. ಮುಂಬಯಿ, ಬೆಂಗಳೂರುಗಳ ದಳಗಳಲ್ಲಿ ಇಂದು 90 ಮೀಟರ್ ಎತ್ತರಕ್ಕೆ ಏರುವ ಯಂತ್ರಗಳಿವೆ. ಮಾಗಿರುಸ್ ಕಂಡಿದ್ದರೆ ಬೆರಗಾಗುತ್ತಿದ್ದರು. ಆದರೆ ಅದೇ ಊರುಗಳಲ್ಲಿ ಅದಕ್ಕಿಂತ ಎತ್ತರದ ಕಟ್ಟಡಗಳೂ ಇವೆ. ಅಷ್ಟು ದೊಡ್ಡ ಯಂತ್ರ ಹೋಗಲಾರದ ಓಣಿಗಳೂ ಇವೆ. ಏಣಿ ಎಷ್ಟು ಬೆಳೆದರೂ ಕಟ್ಟಡ ಅದರ ಮುಂದೆಯೇ ಓಡುತ್ತದೆ.

ಹಾಗೆಂದು ಏಣಿಯನ್ನಾಗಲಿ ಅದನ್ನು ಏರುವವರನ್ನಾಗಲಿ ಕಿರಿದಾಗಿ ಕಾಣಬಾರದು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯನ್ನೂ ಮದ್ದುಗುಂಡುಗಳನ್ನೂ ಒಟ್ಟಿಗೆ ತುಂಬಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿದ್ದು ಸಿಡಿದಾಗ 66 ಅಗ್ನಿಶಾಮಕರು ಪ್ರಾಣ ಕೊಟ್ಟರು. ಅವರ ನೆನಪಿಗೆ ಏಪ್ರಿಲ್ 14 ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನ. ಅದೇ ದಿನ ಅಂಬೇಡ್ಕರರ ಜಯಂತಿಯೂ ಬರುವುದರಿಂದ ಈ 66 ಮಂದಿಯ ನೆನಪು ಶಾಲೆಗಳಲ್ಲಿ ಹಿಂದೆ ಸರಿಯುತ್ತದೆ. ಎರಡನ್ನೂ ಕೂಡಿಯೇ ಆಚರಿಸಬಹುದು. ದುಡಿಯುವವರ ಘನತೆ ಎರಡಕ್ಕೂ ಸಮಾನವಾದ ವಿಷಯ.

ಅಮೆರಿಕದಲ್ಲಿ ಹಳೆಯ ಏಣಿಬಂಡಿಗಳನ್ನು ಉಳಿಸಿಕೊಂಡಿರುವ ಬಗೆ ನಮ್ಮಂಥ ಸಂಘದವರು ಗಮನಿಸತಕ್ಕದ್ದು. ಹಳೆಯ ಮೋಟಾರು ಅಗ್ನಿಶಾಮಕ ವಾಹನಗಳ ಅಭಿಮಾನಿಗಳು 1958ರಲ್ಲಿಯೇ ಒಂದು ಸಂಘ ಕಟ್ಟಿದ್ದಾರೆ. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಇಂಥ ವಾಹನಗಳದೇ ದೊಡ್ಡ ವಸ್ತುಸಂಗ್ರಹಾಲಯವಿದೆ. ನಾವು ಮೆರವಣಿಗೆಯಲ್ಲಿ ಕಂಡ ಬಂಡಿಯನ್ನು ನಿವೃತ್ತ ಸ್ವಯಂಸೇವಕರು ರವಿವಾರಕ್ಕೊಮ್ಮೆ ಕೂಡಿ ಎಣ್ಣೆ ಹಾಕಿ, ಓಡಿಸಿ, ಗಂಟೆ ಬಾರಿಸಿ, ಮತ್ತೆ ನಿಲ್ಲಿಸುತ್ತಾರಂತೆ. ‘ನಿಲ್ಲಿಸಿಟ್ಟರೆ ತುಕ್ಕು ತಿನ್ನುತ್ತದೆ’ ಎಂದು ಆ ವೃದ್ಧರು ಹೇಳಿದ ಮಾತು ಗಡಿಯಾಚೆಯ ಕನ್ನಡಿಗರಾದ ನಮಗೆ ಹೊಸದೇನಲ್ಲ. ಮನೆಯಲ್ಲಿ ಆಡದ ಮಾತನ್ನು ವರ್ಷಕ್ಕೊಂದು ಸಮ್ಮೇಳನ ಮಾಡಿ ಉಳಿಸಲಾಗುವುದಿಲ್ಲವೆಂಬುದನ್ನು ನಾವು ಬಲ್ಲೆವು.

ಅದಕ್ಕಿಂತಲೂ ನಮ್ಮ ಮನಸ್ಸನ್ನು ಹಿಡಿದ ಇನ್ನೊಂದು ಆಚರಣೆ ಇದೆ. ಟ್ರಯಾಂಗಲ್ ಕಾರಖಾನೆ ಇದ್ದ ಆ ಕಟ್ಟಡ ಇಂದಿಗೂ ನಿಂತಿದೆ, ಈಗ ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭಾಗ. ಪ್ರತಿವರ್ಷದ ಸ್ಮರಣೆಯ ಸಭೆಗೆ ಅಗ್ನಿಶಾಮಕ ದಳ ಏಣಿಬಂಡಿ ತರುತ್ತದೆ. ಸತ್ತವರ ಹೆಸರುಗಳನ್ನು ಓದುತ್ತಾರೆ, ಗಂಟೆ ಬಾರಿಸುತ್ತಾರೆ. ಏಣಿಯನ್ನು ಮೆಲ್ಲಗೆ ಎತ್ತಿ ಆರನೆಯ ಮಹಡಿಗೆ ನಿಲ್ಲಿಸುತ್ತಾರೆ. ಇಂದಿನ ಏಣಿ ಅದಕ್ಕಿಂತ ಮೇಲಕ್ಕೂ ಹೋಗಬಲ್ಲದು. ಹೋಗಬಲ್ಲದ್ದನ್ನು ಆರಕ್ಕೇ ನಿಲ್ಲಿಸುತ್ತಾರೆ. ಅಲ್ಲಿಂದ ಒಂಬತ್ತನೆಯ ಮಹಡಿಯವರೆಗಿನ ಬರಿಗೋಡೆಯನ್ನು ನೆರೆದವರು ತಲೆಯೆತ್ತಿ ನೋಡುತ್ತಾರೆ. ತನ್ನ ಸೋಲನ್ನು ಹೀಗೆ ವರ್ಷವರ್ಷವೂ ಸಾರ್ವಜನಿಕವಾಗಿ ಎತ್ತಿ ತೋರಿಸುವ ದಳವನ್ನು ನಾವು ಬೇರೆ ಕಡೆ ಕಂಡಿಲ್ಲ. ನಮಗೆ ಗೆಲುವಿನ ಸ್ಮಾರಕಗಳು ಬಹಳ ಉಂಟು. ಮುಟ್ಟದೆ ಉಳಿದ ಅಂತರಕ್ಕೆ ಇಂಥ ಗೌರವ ಸಲ್ಲಿಸುವುದನ್ನು ಅವರಿಂದ ಕಲಿಯಬೇಕು.

ಆ ಅಂತರವನ್ನು ತುಂಬುವುದು ಯಂತ್ರದ ಕೆಲಸ ಮಾತ್ರವಲ್ಲ. ಅದರಲ್ಲಿ ನಮ್ಮ ಪಾಲು ಬಹಳ ಸಣ್ಣದು, ಖರ್ಚೂ ಇಲ್ಲದ್ದು. ಸಂಘದ ಬಂಧುಗಳಲ್ಲಿ ಅನೇಕರು ಕಾರಖಾನೆ ಇಟ್ಟವರಿದ್ದಾರೆ, ಅಂಗಡಿ ಮಳಿಗೆ ಇದ್ದವರಿದ್ದಾರೆ, ಶಾಲೆ ನಡೆಸುವವರಿದ್ದಾರೆ, ಮಂಗಲ ಕಾರ್ಯಾಲಯದವರಿದ್ದಾರೆ. ಒಳಗೆ ಒಬ್ಬನಾದರೂ ಮನುಷ್ಯನಿರುವಾಗ ಹೊರಗಿನಿಂದ ಬೀಗ ಹಾಕಬಾರದು ಎಂಬುದನ್ನು ಅವರೆಲ್ಲ ಮನೆದೇವರ ಆಣೆಯಂತೆ ಪಾಲಿಸಬೇಕೆಂದು ಬೇಡಿಕೊಳ್ಳುತ್ತೇವೆ. ಅಪಾರ್ಟ್‌ಮೆಂಟುಗಳಲ್ಲಿ ಇರುವವರು ಮೆಟ್ಟಿಲ ಕೆಳಗೆ ಗಾಡಿ, ಹಳೆಯ ಸೋಫಾ, ಗ್ಯಾಸ್ ಸಿಲಿಂಡರು ಇಡಬಾರದು. ಬಂಬ ಬರುವ ಓಣಿಯಲ್ಲಿ ಅಡ್ಡವಾಗಿ ಮಂಟಪ ಹಾಕಬಾರದು. ಏಪ್ರಿಲ್ 14ರಂದು ಮಕ್ಕಳನ್ನು ಹತ್ತಿರದ ಅಗ್ನಿಶಾಮಕ ಠಾಣೆಗೆ ಕರೆದೊಯ್ಯಬೇಕು. ಅಲ್ಲಿಯ ಸಿಬ್ಬಂದಿ ಸಂತೋಷದಿಂದ ಏಣಿ ತೋರಿಸುತ್ತಾರೆ, ಮಕ್ಕಳಂತೂ ಮನೆಗೆ ಬರಲು ಒಪ್ಪುವುದಿಲ್ಲ.

ಈ ಸಮ್ಮೇಳನದ ಸಭಾಭವನಕ್ಕೆ ಎರಡು ಬಾಗಿಲುಗಳಿವೆ. ಹಿಂದಿನ ಬಾಗಿಲನ್ನು, ದನಕರು ಒಳಗೆ ಬರುತ್ತವೆಂದು, ಪ್ರತಿವರ್ಷ ಮುಚ್ಚಿ ಅದರ ಮುಂದೆ ಊಟದ ಪಾತ್ರೆಗಳನ್ನು ಒಟ್ಟುತ್ತಾರೆ. ಈ ಸಲ ಅದನ್ನು ತೆರೆದಿಡಬೇಕೆಂದು ಸ್ವಾಗತ ಸಮಿತಿಯವರನ್ನು ಕೇಳಿಕೊಂಡಿದ್ದೇವೆ, ಅವರು ಒಪ್ಪಿದ್ದಾರೆ. ದನಗಳನ್ನು ಕಾಯಲು ಒಬ್ಬ ಸ್ವಯಂಸೇವಕ ಬೇಕಾಗಿದ್ದಾನೆ. ಬೇರೆ ಯಾರೂ ಮುಂದೆ ಬರದಿದ್ದರೆ ಒಂದು ಖುರ್ಚಿ ಹಾಕಿಕೊಟ್ಟರೆ ಸಾಕು. ಕವಿಗೋಷ್ಠಿ ಅಲ್ಲಿಗೂ ಚೆನ್ನಾಗಿ ಕೇಳಿಸುತ್ತದೆ, ನಾವೇ ಕೂರುತ್ತೇವೆ.